ವಾರದ ಸಂತೆ: ಎರಿ ನೆಲ, ಮಸಾರಿ ನೆಲ ಕೂಡುವ ಜಾಗ

ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಿ ವಾರದ ಏಳೂ ದಿನ ಒಂದಲ್ಲ ಒಂದು ಕಡೆ ಸಂತೆ ಕೂಡಿರುತ್ತದೆ. ಧಾರವಾಡದ ದೊಡ್ಡ ಸಂತೆ ಮಂಗಳವಾರ, ಹುಬ್ಬಳ್ಳಿಯದು ಶನಿವಾರ. ಉಳಿದ ದಿನಗಳನ್ನು ಸುತ್ತಲಿನ ತಾಲ್ಲೂಕು ಊರುಗಳೂ ದೊಡ್ಡ ಹಳ್ಳಿಗಳೂ ಹಂಚಿಕೊಂಡಿವೆ. ಎರಡು ನಗರಗಳನ್ನು ಸೇರಿಸುವ ಹಳೆಯ ಪುಣೆ–ಬೆಂಗಳೂರು ರಸ್ತೆಯ ಮೇಲಿರುವ ರಾಯಾಪುರದಂಥ ಊರಿಗೆ ಈ ಎರಡೂ ದೊಡ್ಡ ಸಂತೆಗಳು ಕೈಗೆಟುಕುವ ದೂರದಲ್ಲಿವೆ. ಹುಬ್ಬಳ್ಳಿಯತ್ತ ಹೋದರೆ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಪ್ರಾಂಗಣ, ಧಾರವಾಡದತ್ತ ಹೋದರೆ ಪೇರಲ ಹಣ್ಣಿಗೆ ಹೆಸರಾದ ನವಲೂರು. ಎರಡೂ ನಗರಗಳ ನಡುವೆ ಓಡುವ ಚಿಗರಿ ಬಸ್ಸು ರಾಯಾಪುರದಲ್ಲೇ ನಿಲ್ಲುತ್ತದೆ. ಈ ಭಾಗದ ಬೆಳೆ, ಅಡುಗೆ, ಋತು ಮೂರನ್ನೂ ಒಂದೇ ಮುಂಜಾನೆಯಲ್ಲಿ ತಿಳಿಯಬೇಕೆಂದರೆ ಸಂತೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಊರಿಂದೂರಿಗೆ ಸಂತೆಯ ವಾರ ಬೇರೆಯಾಗಿರುವುದಕ್ಕೆ ಕಾರಣವಿದೆ. ಒಂದು ಹಳ್ಳಿಯ ಜನ ಕೊಳ್ಳುವ ಸಾಮಾನು ಒಬ್ಬ ವ್ಯಾಪಾರಿಗೆ ದಿನವೂ ಅಂಗಡಿ ತೆರೆದಿಡುವಷ್ಟು ಆದಾಯ ಕೊಡುವುದಿಲ್ಲ. ಅದೇ ವ್ಯಾಪಾರಿ ಸೋಮವಾರ ಒಂದೂರು, ಮಂಗಳವಾರ ಇನ್ನೊಂದೂರು ಎಂದು ಸುತ್ತಿದರೆ ಆರೇಳು ಹಳ್ಳಿಗಳ ಗಿರಾಕಿ ಕೂಡಿ ಅವನ ವಾರ ನಡೆಯುತ್ತದೆ. ಪಕ್ಕದ ಊರುಗಳ ಸಂತೆ ಒಂದೇ ದಿನ ಬಿದ್ದರೆ ಎರಡೂ ಸೊರಗುತ್ತವೆ. ಹಾಗಾಗಿ ಯಾವ ಅಧಿಕಾರಿಯೂ ನಕಾಶೆ ಹಾಕಿ ಗೊತ್ತುಮಾಡದಿದ್ದರೂ ವಾರಗಳು ತಾವಾಗಿಯೇ ಹಂಚಿಕೆಯಾಗಿವೆ. ಚೀನಾದ ಹಳ್ಳಿಗಳ ಸಂತೆಗಳ ಬಗ್ಗೆ ಅಮೆರಿಕದ ಮಾನವಶಾಸ್ತ್ರಜ್ಞ ಜಿ. ವಿಲಿಯಂ ಸ್ಕಿನ್ನರ್ 1964ರಿಂದ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದೇ ವ್ಯವಸ್ಥೆ ಕಾಣುತ್ತದೆ. ಅಲ್ಲಿ ಹತ್ತು ದಿನಗಳ ಸುತ್ತಿನಲ್ಲಿ ಒಂದೂರಿಗೆ 1, 4, 7ನೆಯ ದಿನ, ನೆರೆಯೂರಿಗೆ 2, 5, 8ನೆಯ ದಿನ. ನಮ್ಮಲ್ಲಿ ಆ ಸುತ್ತು ಏಳು ದಿನಗಳದು. ರೈತ ಹೆಣ್ಣುಮಗಳು ಮನೆಯ ಖರ್ಚಿನ ಲೆಕ್ಕ ಹಾಕುವುದು, ಕೂಲಿಯವರಿಗೆ ವಾರದ ಪಗಾರ ಬಟವಾಡೆಯಾಗುವುದು, ಮಗಳ ಮನೆಗೆ ಬುತ್ತಿ ಕಳಿಸುವುದು ಎಲ್ಲವೂ ಸಂತೆಯ ವಾರವನ್ನೇ ಹಿಡಿದು ನಡೆದು ಬಂದಿವೆ.

ಕರ್ನಾಟಕದಲ್ಲಿ ಸಂತೆಯ ಅಥವಾ ಸಂತೆಯ ವಾರದ ಹೆಸರು ಹೊತ್ತ ಊರು, ಪೇಟೆಗಳು ಹಲವು. ಸಂತೆಬೆನ್ನೂರು, ಸಂತೆಮರಹಳ್ಳಿ, ಸಂತೆಶಿವರ, ಕೊಡಗಿನ ಶನಿವಾರಸಂತೆ, ಧಾರವಾಡದೊಳಗಿನ ಮಂಗಳವಾರಪೇಟೆ. ವ್ಯಾಪಾರದ ಪರಂಪರೆಯೂ ಇಲ್ಲಿ ಹಳೆಯದು: ಐಹೊಳೆಯನ್ನು ಮೂಲವೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸಿದ್ದು ಶಾಸನಗಳಿಂದ ತಿಳಿಯುತ್ತದೆ. ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿ ಶಾಸನದಲ್ಲಿ ವರ್ತಕರು ಬಸದಿಗೆ ತಮ್ಮ ಸರಕಿನ ಮೇಲಿನ ಸುಂಕವನ್ನು ಬಿಟ್ಟುಕೊಟ್ಟ ವಿವರವಿದೆ. ಮಾರುವ ಸರಕಿಗೆ ಸುಂಕ ಕೊಡುವ ಪದ್ಧತಿ ಅಷ್ಟು ಹಳೆಯದು. ಇಂದಿಗೂ ಹಲವು ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಸಂತೆಕರದ ಲಿಲಾವು ನಡೆಯುತ್ತದೆ. ಹೆಚ್ಚು ಕೂಗಿದ ಗುತ್ತಿಗೆದಾರನ ಕಡೆಯವರು ಸಂತೆಯ ದಿನ ಚೀಟಿ ಹರಿದು ಕೊಟ್ಟು ಬುಟ್ಟಿಗಿಷ್ಟು, ಗಾಡಿಗಿಷ್ಟು ಎಂದು ವಸೂಲಿ ಮಾಡುತ್ತಾರೆ.

ಈ ಸೀಮೆಯ ಸಂತೆಗೆ ಬರುವ ಸರಕಿನ ವೈವಿಧ್ಯಕ್ಕೆ ಕಾರಣ ನೆಲ. ಧಾರವಾಡ ಜಿಲ್ಲೆ ಎರಡು ಭೂಗುಣಗಳ ಗಡಿಯಲ್ಲಿದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಭೂಮಿ. ಮರವೇ ಕಾಣದ ಬಯಲು, ಬೇಸಿಗೆಯಲ್ಲಿ ಬಿರಿಯುವ, ಮಳೆಯಲ್ಲಿ ಕಾಲಿಗೆ ಮೆತ್ತುವ ಕಪ್ಪು ಮಣ್ಣು. ಒಮ್ಮೆ ಚೆನ್ನಾಗಿ ನೆನೆದರೆ ಆ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದ ಹಿಂಗಾರಿಯಲ್ಲಿ ಮಳೆಯಿಲ್ಲದೆಯೂ ಬಿಳಿಜೋಳ, ಕಡಲೆ, ಕುಸುಬಿ, ಗೋದಿ ಬೆಳೆಯುತ್ತವೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಮಲೆನಾಡಿನ ಸೆರಗು. ಮಳೆ ಹೆಚ್ಚು, ಮಣ್ಣು ಕೆಂಪು, ಬೆಳೆ ಭತ್ತ, ಮಾವು. ನಡುವಿನ ಪಟ್ಟಿಯಲ್ಲಿ ಮಸಾರಿ ನೆಲ, ಕಾಯಿಪಲ್ಯೆಗೂ ಹಣ್ಣಿನ ತೋಟಕ್ಕೂ ಒಗ್ಗುವಂಥದು. ರಾಯಾಪುರದ ಆಸುಪಾಸು ಈ ನಡುಪಟ್ಟಿಗೆ ಸೇರಿದ್ದು. ಹೀಗಾಗಿ ಧಾರವಾಡದ ಮಂಗಳವಾರ ಸಂತೆಯಲ್ಲಿ ಬೆಳವಲದ ಒಣಜೋಳದ ಚೀಲವೂ ಕಾಡಂಚಿನ ಹಳ್ಳಿಯಿಂದ ಬಂದ ಬಿದಿರ ಬುಟ್ಟಿಯೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಇದೇ ಸೀಮೆಯಲ್ಲಿ ಹಾಲು ಮಾರಿ ಬದುಕುವ ಗೌಳಿಗರು ಸಾಕಿ ಉಳಿಸಿಕೊಂಡು ಬಂದ ಎಮ್ಮೆಗಳ ಹಾಲೇ ಧಾರವಾಡ ಫೇಡೆಗೂ ಮೂಲ. ‘ಧಾರವಾಡಿ’ ಎಂಬ ಹೆಸರಿನಲ್ಲಿ ಆ ತಳಿಗೆ 2021ರಲ್ಲಿ ರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿದೆ.

ಸಂತೆಯ ನಿಜವಾದ ಸಂಪತ್ತು ಎಂದರೆ ತಪ್ಪಲಪಲ್ಯೆ. ಉತ್ತರ ಕರ್ನಾಟಕದ ರೊಟ್ಟಿ ಊಟದಲ್ಲಿ ಸೊಪ್ಪಿಗಿರುವ ಜಾಗ ದೊಡ್ಡದು, ಅದರಲ್ಲೂ ಹಸಿಸೊಪ್ಪಿಗೆ. ಎಳೆ ಮೆಂತೆ, ಉಳ್ಳಾಗಡ್ಡಿ ತಪ್ಪಲ, ಮೂಲಂಗಿ, ಸೌತೆಕಾಯಿ ತೊಳೆದು ತಟ್ಟೆಯಲ್ಲಿಟ್ಟರೆ ಊಟಕ್ಕೆ ಅರ್ಧ ಸಿದ್ಧತೆ ಆದಂತೆ. ಹಕ್ಕರಕಿಯನ್ನು ಯಾರೂ ಬಿತ್ತುವುದಿಲ್ಲ. ಎರಿ ಹೊಲದಲ್ಲಿ ಬೆಳೆಯ ನಡುವೆ ತಾನಾಗಿ ಹುಟ್ಟುವ ಈ ಸೊಪ್ಪನ್ನು ಕಳೆ ತೆಗೆಯಲು ಹೋದ ಹೆಂಗಸರು ಉಡಿಯಲ್ಲಿ ತುಂಬಿಕೊಂಡು ಬರುತ್ತಾರೆ, ಉಳಿದದ್ದು ಸಂತೆಗೆ ಬರುತ್ತದೆ. ಬಿಸಿರೊಟ್ಟಿ, ಗುರೆಳ್ಳು ಚಟ್ನಿಪುಡಿ, ಮೇಲೊಂದಿಷ್ಟು ಕುಸುಬಿ ಎಣ್ಣೆ, ಜೊತೆಗೆ ಹಸಿ ಹಕ್ಕರಕಿ. ಕಳೆನಾಶಕ ಸಿಂಪಡಿಸುವ ಹೊಲಗಳಲ್ಲಿ ಅದು ಹುಟ್ಟುವುದಿಲ್ಲ, ಹುಟ್ಟಿದರೂ ತಿನ್ನುವಂತಿಲ್ಲ. ಸಂತೆಯಲ್ಲಿ ಹಕ್ಕರಕಿಯ ಸೂಡು ಕಂಡಿತೆಂದರೆ ಆ ಹೊಲದಲ್ಲಿ ಇನ್ನೂ ಕೈಯಿಂದಲೇ ಕಳೆ ತೆಗೆಯುತ್ತಾರೆ ಎಂದು ನಂಬಬಹುದು.

ಪುಂಡಿಪಲ್ಯೆಯ ಕತೆ ಬೇರೆ. ಅದರ ಹುಳಿ ಎಲೆಗೆ ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಕುದಿಸಿ ಒಗ್ಗರಣೆ ಕೊಡುತ್ತಾರೆ. ಬಲಿತ ಗಿಡದ ದಂಟನ್ನು ನೀರಲ್ಲಿ ನೆನೆಹಾಕಿ ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದರು. ಒಂದೇ ಗಿಡ ಅಡುಗೆಮನೆಗೂ ಕೊಟ್ಟಿಗೆಗೂ ಒದಗುತ್ತಿತ್ತು. ಕಿರಕಸಾಲಿ, ರಾಜಗಿರಿ ಬೇಳೆಯೊಡನೆ ಬೇಯುತ್ತವೆ. ಸಬ್ಬಸಗಿಯ ಘಮ ಸಂತೆಯ ಆ ಸಾಲಿಗೆ ಕಾಲಿಡುವ ಮೊದಲೇ ಮೂಗಿಗೆ ಬರುತ್ತದೆ. ಗೋಳಿಪಲ್ಯೆ, ಚಕ್ಕೋತ ಮಾತ್ರ ಎಲ್ಲ ವಾರವೂ ಸಿಗುವುದಿಲ್ಲ, ಸಿಕ್ಕ ದಿನ ಬಿಡಬಾರದು.

ಕಾಯಿಗಳಲ್ಲಿ ಮುಳಗಾಯಿಗೆ ಮೊದಲ ಮಣೆ. ಎಣ್ಣೆಗಾಯಿಗೆ ಹಿಡಿಯಷ್ಟು ಸಣ್ಣ, ಮುಳ್ಳಿನ ತೊಟ್ಟಿನ ಜವಾರಿ ಮುಳಗಾಯಿಯೇ ಬೇಕೆಂದು ಹಟ ಹಿಡಿಯುವವರು ಈಗಲೂ ಇದ್ದಾರೆ, ಅವರ ಹಟ ಸರಿಯಾದದ್ದೇ. ಚವಳಿಕಾಯಿ, ಹೀರೆಕಾಯಿ, ಬೆಂಡೆ, ತೊಂಡೆ, ಅವರೆ ಋತುವಿಗೆ ತಕ್ಕಂತೆ ಬರುತ್ತವೆ. ‘ಜವಾರಿ’ ಎಂದರೆ ಈ ಭಾಗದಲ್ಲಿ ರೈತರೇ ಬೀಜ ಉಳಿಸಿಕೊಂಡು ಬಂದ ನಾಟಿ ತಳಿ. ಆಕಾರ ಒಂದೇ ಸಮ ಇರುವುದಿಲ್ಲ, ಬಹಳ ದಿನ ಕೆಡದೆ ಉಳಿಯುವುದಿಲ್ಲ, ದೂರದ ಪೇಟೆಗೆ ಕಳಿಸಲು ಒಗ್ಗುವುದಿಲ್ಲ. ಅದಕ್ಕೆ ಸಂತೆಯೇ ಸರಿಯಾದ ಮಾರುಕಟ್ಟೆ. ಸಂತೆ ಸೊರಗಿದರೆ ಮೊದಲು ಕಣ್ಮರೆಯಾಗುವುದು ಇಂಥ ತಳಿಗಳೇ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜಗಳನ್ನು ಉಳಿಸಿ ಹಂಚುವ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಬೀಜ ಉಳಿಯಬೇಕೆಂದರೆ ಬೆಳೆದದ್ದನ್ನು ಕೊಳ್ಳುವವರು ಹತ್ತಿರದಲ್ಲೇ ಇರಬೇಕು.

ಸಂತೆಗೆ ಹೋಗುವವರು ಪಂಚಾಂಗವನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಒಳ್ಳೆಯದು. ಕಾರಹುಣ್ಣಿಮೆಯ ಹಿಂದಿನ ವಾರದಲ್ಲಿ ಎತ್ತಿನ ಮೂಗುದಾರ, ಗೆಜ್ಜೆಸರ, ಗೊಂಡೆ, ಕೊಂಬಿಗೆ ಬಳಿಯುವ ಬಣ್ಣ ಸಾಲುಗಟ್ಟಿರುತ್ತವೆ. ನಾಗರಪಂಚಮಿಗೆ ಶೇಂಗಾ, ಎಳ್ಳು, ಬೆಲ್ಲ, ಅಳ್ಳು ಹುರಿಯುವ ಜೋಳ. ಎಳ್ಳಮಾವಾಸ್ಯೆಯ ಹೊತ್ತಿಗೆ ಚಳಿ ಬಲಿತು ಸುಲಗಾಯಿ ಬರುತ್ತದೆ. ಕಾಯಿ ತುಂಬಿದ ಹಸಿಕಡಲೆ ಗಿಡವನ್ನೇ ಕಿತ್ತು ಕಟ್ಟುಕಟ್ಟಿ ಮಾರುತ್ತಾರೆ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಸೀತನಿ ಸಿಗುವುದೂ ಅದೇ ಕಾಲದಲ್ಲಿ, ಅದೂ ಕೆಲವೇ ವಾರ. ಸಂಕ್ರಾಂತಿಗೆ ಗಜ್ಜರಿ, ಬಾರಿಹಣ್ಣು, ಕಬ್ಬು. ಆಮೇಲೆ ಬಿಸಿಲು ಏರುತ್ತಿದ್ದಂತೆ ಒಣಮೆಣಸಿನಕಾಯಿಯ ಕಾಲ.

ಮೆಣಸಿನಕಾಯಿಯ ಮಾತು ಬಂದರೆ ಬ್ಯಾಡಗಿಯ ಹೆಸರು ಬರಲೇಬೇಕು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ದೊಡ್ಡ ಮಾರುಕಟ್ಟೆ. ಕುಂದಗೋಳ, ಹುಬ್ಬಳ್ಳಿ ಕಡೆಯ ಎರಿ ಹೊಲಗಳಲ್ಲಿಯೂ ಇದೇ ಮೆಣಸಿನಕಾಯಿ ಬೆಳೆಯುತ್ತಾರೆ. ದುಂಡಗೆ ಸುಕ್ಕುಗಟ್ಟಿದ್ದು ಡಬ್ಬಿ, ಉದ್ದಕ್ಕೆ ತೆಳ್ಳಗಿದ್ದದ್ದು ಕಡ್ಡಿ. ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಬಣ್ಣಕ್ಕಾಗಿ ಇದರ ಸತ್ವ ತೆಗೆಯುವ ಕಾರ್ಖಾನೆಗಳೂ ಕೊಳ್ಳುವುದರಿಂದ ದರ ಏರಿಳಿಯುತ್ತಲೇ ಇರುತ್ತದೆ. ದರ ಒಮ್ಮೆಲೇ ಕುಸಿದು 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಹಿಂಸೆಗೆ ತಿರುಗಿತ್ತು. ಸಂತೆಯಲ್ಲಿ ವರ್ಷದ ಖಾರಪುಡಿಗೆಂದು ಕೊಳ್ಳುವ ಮನೆಯವರು ಮಾತ್ರ ಒಂದು ಕಾಯಿ ಮುರಿದು ಬೀಜ ನೋಡಿ, ಕೈಯಲ್ಲಿ ಹಿಡಿದು ಹಸಿ ಇದೆಯೋ ಎಂದು ಅಲುಗಿಸಿ ನೋಡಿಯೇ ತೂಕ ಹಾಕಿಸುತ್ತಾರೆ. ಚೆನ್ನಾಗಿ ಒಣಗಿದ ಕಾಯಿಯ ಬೀಜ ಒಳಗೆ ಗಲಗಲ ಎನ್ನುತ್ತದೆ.

ರಾಯಾಪುರಕ್ಕೆ ತೀರ ಹತ್ತಿರದ ಬೆಳೆಯೆಂದರೆ ನವಲೂರ ಪೇರಲ. ಮಸಾರಿ ಮಣ್ಣಿನ ಈ ಹಣ್ಣು ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಬುಟ್ಟಿಗಳಲ್ಲಿ ರಸ್ತೆಯ ಬದಿಗೂ ಸಂತೆಗೂ ಬರುತ್ತದೆ. ನಸುಕಿನಲ್ಲಿ ಕಿತ್ತು ಎಲೆಯ ಮೇಲೆ ಹಾಸಿ ತಂದ ಹಣ್ಣಿನ ರುಚಿಯೇ ಬೇರೆ. ಎರಡು ನಗರಗಳು ಒಂದಕ್ಕೊಂದು ಹತ್ತಿರ ಬೆಳೆಯುತ್ತಿರುವುದರಿಂದ ನಡುವಿನ ತೋಟಗಳು ಬಡಾವಣೆಗಳಾಗುತ್ತಿವೆ, ಪೇರಲದ ತೋಟಗಳೂ ಕಡಿಮೆಯಾಗಿವೆ. ಬೇಸಿಗೆಯಲ್ಲಿ ಇದೇ ಸಂತೆಗಳಿಗೆ ಧಾರವಾಡದ ಸುತ್ತಿನ ಆಪೂಸ ಮಾವು ಬರುತ್ತದೆ. ಹಣ್ಣಿಗೂ ಮೊದಲು ಉಪ್ಪಿನಕಾಯಿಯ ಕಾಯಿ, ಅದನ್ನು ಅಲ್ಲೇ ಹೆಚ್ಚಿಕೊಡುವ ಈಳಿಗೆಯವರು.

ಸಂತೆಯಲ್ಲಿ ಕುಳಿತವರೆಲ್ಲ ಬೆಳೆದವರಲ್ಲ. ಎಪಿಎಂಸಿಯಲ್ಲಿ ನಸುಕಿನ ಸವಾಲಿನಲ್ಲಿ ಕೊಂಡು ತಂದು ಮಾರುವ ವ್ಯಾಪಾರಿಗಳೇ ಹೆಚ್ಚು, ಅವರಿಲ್ಲದೆ ಬಟಾಟಿ, ಗಜ್ಜರಿ, ಕೋಸುಗಡ್ಡೆ ವರ್ಷವಿಡೀ ಸಿಗುವುದೂ ಇಲ್ಲ. ಆದರೆ ಬೆಳೆದವರನ್ನು ಗುರುತಿಸುವುದು ಕಷ್ಟವಲ್ಲ. ಅವರ ಮುಂದೆ ಇರುವುದು ಎರಡು ಮೂರೇ ಬಗೆ: ಒಂದು ಚೀಲ ಮುಳಗಾಯಿ, ಒಂದಿಷ್ಟು ಕೊತ್ತಂಬರಿ, ಹೊಲದ ಬದುವಿನಲ್ಲಿ ಸಿಕ್ಕ ನಾಲ್ಕು ಸೂಡು ಸೊಪ್ಪು. ಬೇರಿಗೆ ಮಣ್ಣು ಹಾಗೇ ಇರುತ್ತದೆ. ಸಾಲಿನ ತುದಿಯಲ್ಲಿ, ಬಿಸಿಲಲ್ಲಿ, ಗೋಣಿಚೀಲ ಹಾಸಿ ಕುಳಿತಿರುತ್ತಾರೆ. ಹೆಚ್ಚಿನವರು ಹೆಂಗಸರು. ಇವರ ಸರಕು ತೂಕಕ್ಕಿಂತ ಎಣಿಕೆಗೆ, ರಾಶಿಗೆ ಮಾರಾಟವಾಗುತ್ತದೆ. ಸೂಡಿಗಿಷ್ಟು, ಗುಂಪಿಗಿಷ್ಟು. “ಸೂಡು ಹೆಂಗ್ರಿ ಅಮ್ಮಾ?” ಎಂದರೆ “ಹತ್ತಕ್ಕ ಎರಡ ತಗೋರಿ ಅಕ್ಕಾರ, ಬೋಣಿಗಿ ಹೊತ್ತು” ಎಂಬ ಉತ್ತರ ಬರುತ್ತದೆ. 1956ರ ತೂಕ ಮತ್ತು ಅಳತೆ ಕಾಯ್ದೆ ಬಂದು ಕಿಲೋ, ಲೀಟರು ರೂಢಿಯಾದ ಮೇಲೂ ಕಾಳು ಅಳೆಯುವ ಸೇರು, ಪಾವು, ಚಟಾಕು ಹಳ್ಳಿಯ ಮಾತಿನಲ್ಲಿ ಉಳಿದಿವೆ. ಅಳತೆ ಮುಗಿದ ಮೇಲೆ ಮೇಲೊಂದು ಹಿಡಿ ಕೊಸರು ಹಾಕುವುದು ಸಂತೆಯ ಮರ್ಯಾದೆ.

ಚೌಕಾಶಿ ಸಂತೆಯಲ್ಲಿ ತಪ್ಪಲ್ಲ, ಆದರೆ ಎಲ್ಲಿ ಮಾಡಬೇಕೆಂಬ ವಿವೇಕ ಬೇಕು. ಹತ್ತು ಬಗೆ ಸರಕು ಹರಡಿಕೊಂಡ ವ್ಯಾಪಾರಿಗೆ ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳಲು ದಾರಿ ಇರುತ್ತದೆ. ನಾಲ್ಕು ಸೂಡು ಸೊಪ್ಪಿನ ಮುಂದೆ ಕುಳಿತ ಅಜ್ಜಿಗೆ ಆ ದಾರಿ ಇಲ್ಲ. ಹೊತ್ತು ಇಳಿದು ಸಂತೆ ಹರಿಯುವಾಗ ಉಳಿದದ್ದನ್ನು ಮರಳಿ ಒಯ್ಯಲಾಗದೆ ಆಕೆ ಗಿರಾಕಿ ಹೇಳಿದಷ್ಟಕ್ಕೆ ಕೊಟ್ಟು ಎದ್ದುಬಿಡುತ್ತಾಳೆ. ಆ ಹೊತ್ತಿಗಾಗಿಯೇ ಕಾದು ಹೋಗುವುದು ಜಾಣತನವೆಂದು ಕೆಲವರು ತಿಳಿದಿದ್ದಾರೆ. ಆದರೆ ಮುಂಜಾನೆ ಹೋದವರಿಗೆ ಸಿಗುವ ತಾಜಾತನಕ್ಕೆ ಕೊಟ್ಟ ಬೆಲೆ ಎಂದೂ ಹೆಚ್ಚಾಗುವುದಿಲ್ಲ.

ಎಪಿಎಂಸಿ ಮತ್ತು ಸಂತೆಯ ಕೆಲಸ ಬೇರೆ ಬೇರೆ. ಸಗಟು ವ್ಯಾಪಾರದಲ್ಲಿ ದಲ್ಲಾಳಿಗಳ ತೂಕದ ಮೋಸ, ಮನಬಂದ ಕಡಿತ ತಡೆಯಲು ಮುಂಬಯಿ ಪ್ರಾಂತದಲ್ಲಿ ಮೊದಲು 1927ರಲ್ಲಿ ಹತ್ತಿ ಮಾರುಕಟ್ಟೆಗೆ, ಆಮೇಲೆ 1939ರಲ್ಲಿ ಎಲ್ಲ ಕೃಷಿ ಉತ್ಪನ್ನಗಳಿಗೆ ಕಾಯ್ದೆ ಬಂತು. ಧಾರವಾಡ ಆಗ ಆ ಪ್ರಾಂತದಲ್ಲೇ ಇತ್ತು. ಏಕೀಕರಣದ ನಂತರ 1966ರ ರಾಜ್ಯ ಕಾಯ್ದೆ ಅದನ್ನೇ ಮುಂದುವರಿಸಿತು. ಆ ಪ್ರಾಂಗಣಗಳಲ್ಲಿ ಚೀಲಗಟ್ಟಲೆ ಸರಕು ಟೆಂಡರಿಗೋ ಸವಾಲಿಗೋ ಹೋಗುತ್ತದೆ. ನಾಲ್ಕು ಕಿಲೋ ಬೆಳೆದವರಿಗೆ ಅಲ್ಲಿ ಜಾಗವಿಲ್ಲ. ರೈತರು ನೇರವಾಗಿ ಗಿರಾಕಿಗೆ ಮಾರಲೆಂದು ಪಂಜಾಬಿನಲ್ಲಿ 1987ರಲ್ಲಿ ಅಪ್ನಿ ಮಂಡಿ, 1999ರಲ್ಲಿ ಆಂಧ್ರದಲ್ಲಿ ರೈತು ಬಜಾರು, ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈ ಶುರುವಾದವು. ಸರ್ಕಾರ ಹೊಸದಾಗಿ ಕಟ್ಟಿದ ಈ ವ್ಯವಸ್ಥೆ ಮಾಡಹೊರಟ ಕೆಲಸವನ್ನು ಹಳ್ಳಿಯ ಸಂತೆ ಮೊದಲಿನಿಂದಲೂ ಮಾಡುತ್ತ ಬಂದಿದೆ.

ಹೊರಗಿನವರು ನೋಡಲೆಂದೇ ಹೋಗುವ ಸಂತೆಗಳಲ್ಲಿ ಫ್ರಾನ್ಸಿನ ಹಳ್ಳಿಗಳದು ದೊಡ್ಡ ಹೆಸರು. ಅಲ್ಲಿಯೂ ಒಂದೊಂದು ಊರಿಗೆ ಒಂದೊಂದು ವಾರ. ಸಾರ್ಲಾ ಎಂಬ ಊರಿಗೆ ಬುಧವಾರ, ಶನಿವಾರ. ಕಾರ್ಪಂತ್ರಾದಲ್ಲಿ ಚಳಿಗಾಲದ ಶುಕ್ರವಾರಗಳಲ್ಲಿ ಟ್ರಫಲ್ ಎಂಬ ನೆಲದಡಿಯ ಅಣಬೆಯ ಸಂತೆ. ಸಾಮಾನ್ಯವಾಗಿ ಮುಂಜಾನೆ ನೆರೆದು ಮಧ್ಯಾಹ್ನದ ಊಟದ ಹೊತ್ತಿಗೆ ಹರಿಯುತ್ತದೆ. ಜಾಗ ಗೊತ್ತುಮಾಡಿ ಕರ ವಸೂಲಿ ಮಾಡಲು ಪ್ಲಾಸಿಯೆ ಎಂಬ ನೌಕರನಿದ್ದಾನೆ. ಕಾಯಂ ಮಾರುವವರಿಗೆ ಜಾಗ ಖಚಿತ, ಉಳಿದ ಜಾಗ ಅಂದಂದು ಬಂದವರಿಗೆ. ಬ್ಯಾಡಗಿಗೆ ಹೋಲಿಸಬಹುದಾದ ಒಣಮೆಣಸಿನಕಾಯಿ ಅಲ್ಲಿ ಎಸ್ಪೆಲೆಟ್ ಎಂಬ ಹಳ್ಳಿಯದು. ಅದಕ್ಕೆ 2000ದಲ್ಲಿ ಮೂಲಸ್ಥಾನದ ಕಾನೂನು ರಕ್ಷಣೆ ದೊರೆಯಿತು, ಆ ಹೆಸರಿನಲ್ಲಿ ಬೇರೆಡೆಯ ಕಾಯಿ ಮಾರುವಂತಿಲ್ಲ. ಅಲ್ಲಿನವರು ಸಂತೆಯನ್ನು ಊರಿನ ಹೆಮ್ಮೆಯೆಂದು ಕಂಡು ಅದಕ್ಕೆ ಚೌಕ, ನೀರು, ನೆರಳು ಒದಗಿಸಿದ್ದಾರೆ. ನಮ್ಮ ಸಂತೆಗಳಿಗೆ ಸರಕಿನಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಈ ಒದಗಿಸುವಿಕೆಯಲ್ಲಿ.

ಕಾನೂನು ಮಾತ್ರ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಜನ ಪರಂಪರೆಯಿಂದ ಕೊಂಡು ಮಾರಲು ಕೂಡುವ ಜಾಗವನ್ನು ಸಹಜ ಮಾರುಕಟ್ಟೆ ಎಂದು ಗುರುತಿಸುತ್ತದೆ, ನಗರಗಳಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳೂ ಇರುವ ಸಮಿತಿ ರಚಿಸಬೇಕೆನ್ನುತ್ತದೆ. 2020ರ ಲಾಕ್‌ಡೌನಿನಲ್ಲಿ ಫ್ರಾನ್ಸಿನಲ್ಲೂ ಕರ್ನಾಟಕದಲ್ಲೂ ಸಂತೆಗಳು ನಿಂತವು. ಆ ವರ್ಷದ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ ನಗರದ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿವರೆಗೆ ಸಾಲ ಕೊಟ್ಟಿತು. ಸಾಲ ಬಂಡವಾಳಕ್ಕಾಯಿತು, ಕೂಡ್ರುವ ಜಾಗದ ಪ್ರಶ್ನೆ ಹಾಗೇ ಉಳಿಯಿತು.

ಬೆಳಕು ಹರಿಯುವ ಮೊದಲೇ ಹಳ್ಳಿಯಿಂದ ಹೊರಟು ಕತ್ತಲಾದ ಮೇಲೆ ಮನೆ ಸೇರುವ ಹೆಣ್ಣುಮಗಳಿಗೆ ಇಡೀ ದಿನ ಬೇಕಾಗುವುದು ಮೂರು: ತಲೆಯ ಮೇಲೊಂದು ನೆರಳು, ಕುಡಿಯುವ ನೀರು, ಬಾಗಿಲಿರುವ ಶುಚಿಯಾದ ಶೌಚಾಲಯ. ಆಕೆ ಪ್ರತಿ ಸಂತೆಗೂ ಕರ ಕೊಟ್ಟೇ ಕೂಡುತ್ತಾಳೆ. ಆ ಕರದ ದುಡ್ಡು ಮೊದಲು ಈ ಮೂರಕ್ಕೆ ಖರ್ಚಾಗಬೇಕೆಂದು ಪಂಚಾಯಿತಿಯನ್ನೂ ನಗರಪಾಲಿಕೆಯನ್ನೂ ಕೇಳುವುದು ಆಕೆಯ ಹಕ್ಕು, ಆಕೆಯಿಂದ ಸೊಪ್ಪು ಕೊಳ್ಳುವವರ ಹೊಣೆಯೂ ಹೌದು. ಮುಂದಿನ ಮಂಗಳವಾರವೋ ಶನಿವಾರವೋ ಚೀಲ ಹಿಡಿದು ಹೋಗುವವರು ಸಾಲಿನ ತುದಿಯವರೆಗೂ ನಡೆದು, ಅಲ್ಲಿ ಕುಳಿತವರಿಂದಲೂ ನಾಲ್ಕು ಸೂಡು ಕೊಳ್ಳಲಿ.